ತೊಟ್ಟಿಲಿಗಿಂತ ಮೊದಲು ಗಾಡಿ

ಕುಬಸದ ಮನೆಯ ಸಡಗರ ನಮ್ಮ ಬೀದರ ಸೀಮೆಯವರಿಗೆ ಹೊಸದೇನಲ್ಲ. ಚೊಚ್ಚಲ ಬಸುರಿಗೆ ಹಸಿರು ಸೀರೆ, ಕೈತುಂಬ ಹಸಿರು ಬಳೆ, ಉಡಿ ತುಂಬಲು ಅಕ್ಕಿ, ಕೊಬ್ಬರಿ, ಉತ್ತತ್ತಿ. ಮಗಳನ್ನು ತವರಿಗೆ ಕರೆತಂದ ಮೇಲೆ ಅಲ್ಲಿಯೂ ಸಿದ್ಧತೆ ಜೋರಾಗುತ್ತದೆ. ಅಟ್ಟದ ಮೇಲಿದ್ದ ತೊಟ್ಟಿಲು ಕೆಳಗಿಳಿಯುತ್ತದೆ. ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು ಕೂಸಿನ ಬಟ್ಟೆ ಮಾಡುತ್ತಾರೆ. ಬಾಣಂತಿಗೆ ಉಂಡಿ ಕಟ್ಟಲು ಅಂಟು, ಅಳವಿ, ಒಣಕೊಬ್ಬರಿ ತಂದಿಡುತ್ತಾರೆ.

ಇಷ್ಟೆಲ್ಲ ಮಾಡಿಕೊಂಡು ಬಂದ ಮನೆಯವರಿಗೆ ನಾನು ಒಂದು ಪ್ರಶ್ನೆ ಕೇಳುವುದುಂಟು. "ರಾತ್ರಿ ಎರಡು ಗಂಟೆಗೆ ಬೇನೆ ಬಂದರೆ ಯಾವ ಗಾಡಿಯಲ್ಲಿ ಹೋಗುತ್ತೀರಿ?" ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಅವಾಗಿಂದವಾಗ ನೋಡಿದ್ರಾಯ್ತು ಡಾಕ್ಟರ್ ಸಾಹೇಬ್ರ" ಎನ್ನುತ್ತಾರೆ. ಈ ವಾರದ ಲೇಖನ ಈ "ಅವಾಗಿಂದವಾಗ" ಎಂಬ ಮಾತಿನ ಕುರಿತು.

ಕೆಲವು ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ಮೈಲೂರಿನಲ್ಲಿ ನನ್ನ ದವಾಖಾನೆಯ ಮುಂದೆ ಜೀಪೊಂದು ನಿಂತಿತು. ಒಳಗೆ ಇಪ್ಪತ್ತೊಂದು ವರ್ಷದ ಹುಡುಗಿ, ಒಂಬತ್ತು ತಿಂಗಳ ಗರ್ಭಿಣಿ. ಔರಾದ್ ತಾಲ್ಲೂಕಿನ ಹಳ್ಳಿಯಿಂದ ಬರುವಾಗ ದಾರಿಯಲ್ಲೇ ಅವಳಿಗೆ ಫಿಟ್ಸ್ ಬಂದಿತ್ತು. ರಕ್ತದೊತ್ತಡ 180/120. ಅವಳನ್ನು ಎಡ ಮಗ್ಗುಲಿಗೆ ಮಲಗಿಸಿ, ಪ್ರಥಮ ಚಿಕಿತ್ಸೆ ಮಾಡಿ, ಅದೇ ಜೀಪಿನಲ್ಲಿ ಜೊತೆಗೆ ಹೋಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಶಸ್ತ್ರಚಿಕಿತ್ಸೆಯಾಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಆಮೇಲೆ ತಿಳಿದ ಸಂಗತಿ ಇದು. ಎರಡು ದಿನದಿಂದ ಅವಳಿಗೆ ತಲೆಶೂಲೆ ಇತ್ತು. ಮುಖ ಊದಿತ್ತು, ಬೆರಳಿನ ಉಂಗುರ ಹೊರಬರುತ್ತಿರಲಿಲ್ಲ. "ಚೊಚ್ಚಿಲ ಅದ, ಮೈಗಿ ನೀರು ಬರೋದೇ" ಎಂದು ಹಿರಿಯರು ಸಮಾಧಾನ ಹೇಳಿದ್ದರು. ಕಣ್ಣು ಮಂಜಾಗುತ್ತಿದೆ ಎಂದು ಅವಳು ಹೇಳಿದ್ದು ಸಂಜೆ. ಅಪ್ಪ ಸಂತೆಗೆ ಹೋಗಿದ್ದರು, ಅವರು ಬರಲಿ ಎಂದು ಕಾದರು. ಅವರು ಬಂದ ಮೇಲೆ ಹೈದರಾಬಾದಿನಲ್ಲಿದ್ದ ಅಳಿಯನನ್ನು ಕೇಳಬೇಕೆಂದು ಕಾದರು. ಅವನ ಫೋನು ಸಿಕ್ಕಾಗ ನಡುರಾತ್ರಿ. ಆಮೇಲೆ ಗಾಡಿ ಹುಡುಕಿದರು. ಅವಳ ತಾಯಿ ಕಾರ್ಡು ಅತ್ತೆಯ ಮನೆಯ ಟ್ರಂಕಿನಲ್ಲಿ ಉಳಿದಿತ್ತು. ಆ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ತೊಟ್ಟಿಲು ಕೂಡ ತಯಾರಿತ್ತು. "ಹೋಗೋಣ" ಎಂದು ಹೇಳುವವರು ಯಾರು ಎಂಬುದೊಂದು ಮಾತ್ರ ಮೊದಲೇ ತೀರ್ಮಾನವಾಗಿರಲಿಲ್ಲ.

ಮೂರು ತಡಗಳು

ಹೆರಿಗೆಯ ಹೊತ್ತಿನಲ್ಲಿ ತಾಯಿ ಮಗುವಿನ ಜೀವಕ್ಕೆ ಎರವಾಗುವುದು ಮೂರು ಬಗೆಯ ತಡ ಎಂದು ವೈದ್ಯರು ಗುರುತಿಸಿದ್ದಾರೆ. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿ ಆಗುವ ತಡ ಮೊದಲನೆಯದು. ಆಸ್ಪತ್ರೆ ಮುಟ್ಟುವಲ್ಲಿ ಆಗುವ ತಡ ಎರಡನೆಯದು. ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ಆಗುವುದು ಮೂರನೆಯದು. ಮೂರನೆಯದು ವೈದ್ಯರ ಮತ್ತು ಸರ್ಕಾರದ ಹೊಣೆ. ಮೊದಲಿನ ಎರಡನ್ನು ಕಡಿಮೆ ಮಾಡುವುದು ಬಹುಮಟ್ಟಿಗೆ ಮನೆಯವರ ಕೈಯಲ್ಲಿದೆ.

ಕರ್ನಾಟಕದಲ್ಲಿ 2004-06ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು, ಇವೆಲ್ಲದರ ಫಲ ಅದು. ಉಳಿದ ಸಾವುಗಳಲ್ಲಿಯೂ ಹಲವನ್ನು ತಪ್ಪಿಸಬಹುದು.

ದಿನದ ಲೆಕ್ಕ

ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ 280 ದಿನ, ಅಂದರೆ 40 ವಾರ, ಇದು ವೈದ್ಯರ ಲೆಕ್ಕ. ಆ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಇದು ಅಂದಾಜು ಮಾತ್ರ ಎಂಬುದನ್ನು ಮರೆಯಬಾರದು. ಸರಿಯಾಗಿ ಅದೇ ದಿನ ಹೆರುವವರು ನೂರಕ್ಕೆ ನಾಲ್ಕೈದು ಮಂದಿ ಅಷ್ಟೇ. 37 ವಾರ ತುಂಬಿದ ಮೇಲೆ ಯಾವ ದಿನವಾದರೂ ಬೇನೆ ಬರಬಹುದು. ಆದ್ದರಿಂದ ನಿಮ್ಮ ಸಿದ್ಧತೆ 36ನೆಯ ವಾರದೊಳಗೆ ಮುಗಿದಿರಬೇಕು. 41 ವಾರವಾದರೂ ಬೇನೆ ಬರದಿದ್ದರೆ ಮನೆಯಲ್ಲಿ ಕಾಯದೆ ವೈದ್ಯರನ್ನು ಕಾಣಬೇಕು. ದಿನ ಮೀರಿದಂತೆ ಮಾಸಿನ ಶಕ್ತಿ ಕುಗ್ಗಬಹುದು.

ಇಲ್ಲಿಯೇ ಇನ್ನೊಂದು ಮಾತು. ಒಳ್ಳೆಯ ನಕ್ಷತ್ರ, ಮುಹೂರ್ತ ನೋಡಿಕೊಂಡು ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ರೂಢಿ ಪೇಟೆಯ ಮನೆಗಳಲ್ಲಿ ಬೆಳೆಯುತ್ತಿದೆ. ವೈದ್ಯಕೀಯ ಕಾರಣವಿಲ್ಲದೆ 39 ವಾರಕ್ಕೆ ಮುಂಚೆ ಕೂಸನ್ನು ಹೊರತೆಗೆಸುವುದು ಸರಿಯಲ್ಲ. ಕೊನೆಯ ಆ ಎರಡು ಮೂರು ವಾರಗಳಲ್ಲಿ ಕೂಸಿನ ಶ್ವಾಸಕೋಶ ಮತ್ತು ಮಿದುಳು ಇನ್ನೂ ಬಲಿಯುತ್ತಿರುತ್ತವೆ. ಅವಸರದಲ್ಲಿ ಹುಟ್ಟಿದ ಕೂಸಿಗೆ ಉಸಿರಾಟದ ತೊಂದರೆಯಾಗಿ ಗಾಜಿನ ಪೆಟ್ಟಿಗೆ ಸೇರಬೇಕಾದೀತು.

ಸಹಜವಾದದ್ದು ಯಾವುದು?

ಚೊಚ್ಚಲ ಬಸುರಿಯಲ್ಲಿ ಸಾಮಾನ್ಯವಾಗಿ 36ನೆಯ ವಾರದ ಸುಮಾರಿಗೆ ಕೂಸಿನ ತಲೆ ಕೆಳಗಿಳಿದು ಸೊಂಟದ ಗೂಡಿನಲ್ಲಿ ಕೂರುತ್ತದೆ. ಆಗ ಎದೆ ಹಗುರಾಗಿ ಉಸಿರಾಟ ಸಲೀಸಾಗುತ್ತದೆ. ಆದರೆ ಮೂತ್ರಕ್ಕೆ ಮತ್ತೆ ಮತ್ತೆ ಹೋಗಬೇಕೆನಿಸುತ್ತದೆ, ನಡೆಯುವಾಗ ಕೆಳಗೆ ಭಾರವೆನಿಸುತ್ತದೆ. ಬೆನ್ನು ನೋವು, ಎದೆಯುರಿ, ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದುವುದು, ನಿದ್ದೆ ಸರಿಯಾಗಿ ಹತ್ತದಿರುವುದು ಇವೂ ಸಾಮಾನ್ಯ. ಮಲಗುವಾಗ ಅಂಗಾತ ಮಲಗದೆ ಮಗ್ಗುಲಾಗಿ ಮಲಗಬೇಕು. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬಿದ್ದು ಕೂಸಿಗೆ ಹೋಗುವ ರಕ್ತ ಕಡಿಮೆಯಾಗಬಹುದು.

ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಕೊನೆಯ ತಿಂಗಳಲ್ಲಿ ಊಟ ಕಡಿಮೆ ಮಾಡಿಸುವ ಮನೆಗಳಿವೆ. ಇದು ತಪ್ಪು. ಕೊನೆಯ ವಾರಗಳಲ್ಲಿ ಕೂಸು ತೂಕ ಕೂಡಿಸಿಕೊಳ್ಳುತ್ತಿರುತ್ತದೆ, ತಾಯಿಯೂ ಹೆರಿಗೆಗೆ ಶಕ್ತಿ ಕೂಡಿಡಬೇಕು. ಜೋಳದ ರೊಟ್ಟಿ, ತೊಗರಿ ಮತ್ತು ಹೆಸರು ಬೇಳೆ, ಪುಂಡಿ ಪಲ್ಯ, ಮೆಂತ್ಯ ಪಲ್ಯ, ಶೇಂಗಾ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಇವು ನಮ್ಮ ಕಡೆ ಸಿಗುವ ಒಳ್ಳೆಯ ಆಹಾರ. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಉಣ್ಣಲಿ. ಹಲ್ಲಿಗೆ ಮಿಶ್ರಿ ತಿಕ್ಕುವ ಅಭ್ಯಾಸವಿದ್ದರೆ ಇಂದೇ ಬಿಡಬೇಕು. ಅದು ತಂಬಾಕು, ಕೂಸಿನ ತೂಕ ಕಡಿಮೆ ಮಾಡುತ್ತದೆ.

ತಪಾಸಣೆಯಲ್ಲಿ ಕೇಳಿ ತಿಳಿಯಬೇಕಾದ ನಾಲ್ಕು ಸಂಗತಿ

ಕೊನೆಯ ತಿಂಗಳಲ್ಲಿ ವೈದ್ಯರು ಹೇಳಿದ ದಿನ ತಪ್ಪದೆ ತಪಾಸಣೆಗೆ ಹೋಗಬೇಕು. "ಎಲ್ಲ ಸರಿ ಅದ" ಎಂಬ ಒಂದು ಮಾತಿಗೆ ತೃಪ್ತಿಪಡದೆ ಈ ನಾಲ್ಕನ್ನು ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಮೊದಲನೆಯದು ರಕ್ತದೊತ್ತಡ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಚ್ಚರಿಕೆ ಬೇಕು. ಜೊತೆಗೆ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದ್ದರೆ ಅದು ಗರ್ಭಿಣಿಯರಿಗೆ ಬರುವ ಗಂಭೀರ ಕಾಯಿಲೆಯ ಗುರುತು. ಇದೇ ಬೆಳೆದು ಫಿಟ್ಸ್‌ಗೆ ದಾರಿಯಾಗುತ್ತದೆ. ಮೊದಲೇ ಗೊತ್ತಾದರೆ ಒತ್ತಡ ಇಳಿಸಲು ಔಷಧಿಗಳಿವೆ, ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಸೂಜಿಮದ್ದಿದೆ. ಪೂರ್ಣ ಪರಿಹಾರ ಮಾತ್ರ ಸರಿಯಾದ ಹೊತ್ತಿನಲ್ಲಿ ಹೆರಿಗೆ ಮಾಡಿಸುವುದೇ.

ಎರಡನೆಯದು ಹಿಮೋಗ್ಲೋಬಿನ್. ಗರ್ಭಿಣಿಗೆ ಅದು 11 ಗ್ರಾಂ ಇರಬೇಕು, 7ಕ್ಕಿಂತ ಕೆಳಗಿಳಿದರೆ ಅಪಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿತು. ರಕ್ತ ಸಾಕಷ್ಟಿರುವ ತಾಯಿ ಹೆರಿಗೆಯಲ್ಲಿ ಹೋಗುವ ರಕ್ತವನ್ನು ತಡೆದುಕೊಳ್ಳುತ್ತಾಳೆ, ರಕ್ತಹೀನ ತಾಯಿ ಅಷ್ಟಕ್ಕೇ ಕುಸಿಯಬಹುದು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಸುಣ್ಣದ ಅಂಶದ ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಲಿಂಬು ನೀರಿನ ಜೊತೆ ತೆಗೆದುಕೊಳ್ಳುವುದು ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಕಿಲ್ಲ. ದಿನ ಕಡಿಮೆ ಉಳಿದಿದ್ದು ರಕ್ತ ತೀರ ಕಡಿಮೆ ಇದ್ದರೆ ನರಕ್ಕೆ ಕೊಡುವ ಕಬ್ಬಿಣದ ಸೂಜಿಮದ್ದಿದೆ. ವೈದ್ಯರನ್ನು ಕೇಳಿ.

ಮೂರನೆಯದು ಕೂಸು ಯಾವ ಕಡೆ ತಲೆ ಮಾಡಿದೆ ಎಂಬುದು. ಅಡ್ಡವಾಗಿದ್ದರೆ ಅಥವಾ ಕುಂಡಿ ಮುಂದಾಗಿದ್ದರೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕು.

ನಾಲ್ಕನೆಯದು ರಕ್ತದ ಗುಂಪು. ತಾಯಿಯದು ನೆಗೆಟಿವ್ ಇದ್ದು ಕೂಸಿನದು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಎಂಬ ಸೂಜಿಮದ್ದು ಕೊಡಿಸಬೇಕು. ಇದನ್ನು ಮರೆತರೆ ಮುಂದಿನ ಕೂಸಿಗೆ ತೊಂದರೆಯಾದೀತು.

ಯಾರನ್ನೂ ಕೇಳದೆ ಹೊರಡಬೇಕಾದ ಲಕ್ಷಣಗಳು

ಕೆಳಗಿನ ಸಾಲುಗಳನ್ನು ಕತ್ತರಿಸಿ ಅಡಿಗೆಮನೆಯ ಗೋಡೆಗೆ ಅಂಟಿಸಿದರೂ ಅಡ್ಡಿಯಿಲ್ಲ. ಇವುಗಳಲ್ಲಿ ಒಂದು ಕಂಡರೂ ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಿರುತ್ತಾರೋ ಅವರೇ ಕರೆದುಕೊಂಡು ಹೊರಡಬೇಕು.

1. ಕೆಳಗೆ ರಕ್ತ ಹೋಗುವುದು. ನೋವಿಲ್ಲದಿದ್ದರೂ ಸರಿ, ಸ್ವಲ್ಪವೇ ಆದರೂ ಸರಿ.
2. ಬಿಡದ ತಲೆಶೂಲೆ, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಮತ್ತು ಕೈ ಊದುವುದು.
3. ಫಿಟ್ಸ್ ಬರುವುದು.
4. ಬೇನೆ ಇಲ್ಲದೆಯೂ ನೀರು ಒಡೆಯುವುದು. ನೀರು ಹಸಿರಾಗಿದ್ದರೆ ಇನ್ನೂ ಅವಸರ.
5. ಕೂಸಿನ ಆಟ ಕಡಿಮೆಯಾಗುವುದು ಅಥವಾ ನಿಲ್ಲುವುದು.
6. ಚಳಿ ಜ್ವರ, ಕೂತಲ್ಲೇ ದಮ್ಮು ಹತ್ತುವುದು.
7. 37 ವಾರಕ್ಕೆ ಮುಂಚೆ ಬೇನೆ ಆರಂಭವಾಗುವುದು.

ಇವುಗಳಲ್ಲಿ ಐದನೆಯದರ ಬಗ್ಗೆ ಸ್ವಲ್ಪ ವಿವರಿಸಬೇಕು. ದಿನ ತುಂಬಿದಾಗ ಜಾಗ ಸಾಲದೆ ಕೂಸು ಸುಮ್ಮನಾಗುತ್ತದೆ ಎಂದು ಹಲವರು ನಂಬಿದ್ದಾರೆ. ಕೊನೆಯ ವಾರಗಳಲ್ಲಿ ಒದೆಯುವ ಬಗೆ ಬದಲಾಗಬಹುದು, ಹೊರಳಿದಂತೆ, ನೂಕಿದಂತೆ ಅನಿಸಬಹುದು. ಆದರೆ ಆಟ ನಿಲ್ಲುವುದಿಲ್ಲ. ಸಂಶಯ ಬಂದರೆ ಊಟ ಮಾಡಿ ಎಡ ಮಗ್ಗುಲಿಗೆ ಮಲಗಿ ಗಮನವಿಟ್ಟು ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲವೂ ಅಲುಗಾಡದಿದ್ದರೆ ನಾಳೆಗೆಂದು ಕಾಯದೆ ಆಗಲೇ ಹೊರಡಿ. ಎಣಿಕೆ ಸರಿಯಿದ್ದರೂ ಎಂದಿನಂತಿಲ್ಲ ಎಂದು ತಾಯಿಗೆ ಅನಿಸಿದರೆ ಅಷ್ಟೇ ಸಾಕು. ಅವಳ ಮಾತನ್ನು ನಂಬಿ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಬಾಯಲ್ಲಿ ಚಮಚೆ ತುರುಕುವುದು, ನೀರು ಕುಡಿಸುವುದು ಯಾವುದೂ ಬೇಡ. ಎಡ ಮಗ್ಗುಲಿಗೆ ಹೊರಳಿಸಿ, ಬಾಯಿಯ ಜೊಲ್ಲು ಒರೆಸಿ, ಪೆಟ್ಟಾಗದಂತೆ ನೋಡಿಕೊಂಡು ಗಾಡಿ ಹತ್ತಿಸಿ.

ನಿಜವಾದ ಬೇನೆ, ಸುಳ್ಳು ಬೇನೆ

ಕೊನೆಯ ವಾರಗಳಲ್ಲಿ ಹೊಟ್ಟೆ ಆಗಾಗ ಗಟ್ಟಿಯಾಗಿ ಬಿಡುತ್ತದೆ. ಅದಕ್ಕೆ ಲೆಕ್ಕ ಇರುವುದಿಲ್ಲ, ಮಲಗಿದರೆ ಅಥವಾ ನೀರು ಕುಡಿದು ಸುಧಾರಿಸಿಕೊಂಡರೆ ನಿಲ್ಲುತ್ತದೆ. ಇದು ಸುಳ್ಳು ಬೇನೆ. ನಿಜವಾದ ಬೇನೆ ಹೆಚ್ಚಾಗಿ ಬೆನ್ನಿನಿಂದ ಆರಂಭವಾಗಿ ಮುಂದೆ ಬರುತ್ತದೆ, ಅಲೆಯಂತೆ ಏರಿ ಇಳಿಯುತ್ತದೆ. ಮಲಗಿದರೂ ನಡೆದಾಡಿದರೂ ನಿಲ್ಲುವುದಿಲ್ಲ. ಬರಬರುತ್ತ ನಡುವಿನ ಅಂತರ ಕಡಿಮೆಯಾಗುತ್ತದೆ, ನೋವಿನ ಬಿರುಸು ಹೆಚ್ಚುತ್ತದೆ. ರಕ್ತದ ಗೆರೆ ಬೆರೆತ ಲೋಳೆ ಹೋಗುವುದು ಇನ್ನೊಂದು ಗುರುತು. ಲೋಳೆಯಲ್ಲಿ ಗೆರೆಯಷ್ಟಿದ್ದರೆ ಗಾಬರಿ ಬೇಡ, ಬಟ್ಟೆ ತೊಯ್ಯುವಷ್ಟು ರಕ್ತವಾದರೆ ಅದು ಅಪಾಯದ ಲಕ್ಷಣ.

ಚೊಚ್ಚಲ ಹೆರಿಗೆಗೆ ಸಾಮಾನ್ಯವಾಗಿ ಅರ್ಧ ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆಸ್ಪತ್ರೆಯ ಹತ್ತಿರದಲ್ಲಿರುವವರು ಐದು ನಿಮಿಷಕ್ಕೊಮ್ಮೆ ಬೇನೆ ಬರತೊಡಗಿದಾಗ ಹೊರಟರೆ ಸಾಕು. ಆದರೆ ಔರಾದಿನಿಂದ ಬೀದರಿಗೆ ಸುಮಾರು 40 ಕಿಲೋಮೀಟರು, ಭಾಲ್ಕಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಒಳಹಳ್ಳಿಯವರಿಗೆ ಮಳೆಗಾಲದಲ್ಲಿ ಇನ್ನೂ ದೂರ. ಅಂಥವರು ಬೇನೆಗೆ ಒಂದು ಲೆಕ್ಕ ಹತ್ತಿದೊಡನೆ ಹೊರಡುವುದು ಜಾಣತನ. ಸುಳ್ಳು ಬೇನೆಯೆಂದು ಆಸ್ಪತ್ರೆಯಿಂದ ವಾಪಸು ಕಳಿಸಿದರೆ ನಾಚಿಕೆಪಡುವಂಥದ್ದೇನೂ ಇಲ್ಲ.

ಬೇನೆ ಬೇಗ ಬರಲೆಂದು ಔಡಲ ಎಣ್ಣೆ ಕುಡಿಸುವುದು ಬೇಡ. ಊರಲ್ಲಿ ಯಾರಿಂದಲೋ "ಬೇನೆ ಬರಿಸುವ ಸೂಜಿ" ಚುಚ್ಚಿಸುವುದಂತೂ ಎಂದಿಗೂ ಕೂಡದು. ಅಳತೆ ತಪ್ಪಿದ ಆ ಸೂಜಿಯಿಂದ ಗರ್ಭಕೋಶವೇ ಒಡೆಯಬಹುದು, ಕೂಸಿಗೆ ಉಸಿರುಗಟ್ಟಬಹುದು. ಆಸ್ಪತ್ರೆಯಲ್ಲಿ ಅದನ್ನು ಹನಿಹನಿಯಾಗಿ, ಕೂಸಿನ ಎದೆಬಡಿತ ನೋಡುತ್ತ ಕೊಡುತ್ತಾರೆ.

ಸೂಲಗಿತ್ತಿಯರ ಅನುಭವವನ್ನು ನಾನು ಹಗುರಾಗಿ ಕಾಣುವವನಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ನಾಡೇ ಸಂತೋಷಪಟ್ಟಿತು. ಆದರೆ ಎಂಥ ಕೈಗುಣದವರ ಬಳಿಯೂ ರಕ್ತದ ಬಾಟಲಿ ಇರುವುದಿಲ್ಲ. ಹೆರಿಗೆಯಾದ ಕೂಡಲೆ ಗರ್ಭಕೋಶ ಗಟ್ಟಿಯಾಗಿ ರಕ್ತ ನಿಲ್ಲಬೇಕು. ಕೆಲವರಲ್ಲಿ ಅದು ಸಡಿಲವಾಗಿಯೇ ಉಳಿದು ರಕ್ತ ಧಾರೆಯಾಗಿ ಹರಿಯುತ್ತದೆ. ಯಾರಲ್ಲಿ ಹೀಗಾಗುತ್ತದೆಂದು ಮೊದಲೇ ಖಚಿತವಾಗಿ ಹೇಳಲಾಗದು. ಆಸ್ಪತ್ರೆಯಲ್ಲಿ ಕೂಸು ಹುಟ್ಟಿದ ನಿಮಿಷದೊಳಗೆ ಆಕ್ಸಿಟೋಸಿನ್ ಸೂಜಿಮದ್ದು ಕೊಟ್ಟು ಇದನ್ನು ತಡೆಯುತ್ತಾರೆ. ಇದೇ ಔಷಧಿ ಹೆರಿಗೆಗೆ ಮೊದಲು ತಪ್ಪು ಕೈಯಲ್ಲಿ ವಿಷ, ಹೆರಿಗೆಯ ನಂತರ ಸರಿಯಾದ ಕೈಯಲ್ಲಿ ಸಂಜೀವಿನಿ.

ಮನೆಯವರೆಲ್ಲ ಕೂತು ಮಾಡಬೇಕಾದ ಐದು ತೀರ್ಮಾನ

ಒಂದು ಸಂಜೆ ಚಹಾ ಕುಡಿಯುತ್ತ ಎಲ್ಲರೂ ಒಟ್ಟಿಗೆ ಕೂತು ಇವನ್ನು ಮಾತಾಡಿ ಮುಗಿಸಿ. ಗರ್ಭಿಣಿಯೂ ಅಲ್ಲಿರಬೇಕು.

ಯಾವ ಆಸ್ಪತ್ರೆ? ತೊಡಕಿಲ್ಲದ ಹೆರಿಗೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಸಾಕಾಗಬಹುದು. ರಕ್ತದೊತ್ತಡ, ಸಕ್ಕರೆ, ಅವಳಿ ಕೂಸು, ತೀವ್ರ ರಕ್ತಹೀನತೆ ಇದ್ದರೆ ಶಸ್ತ್ರಚಿಕಿತ್ಸೆ, ರಕ್ತ ಮತ್ತು ಮಕ್ಕಳ ವೈದ್ಯರಿರುವ ಕಡೆಗೇ ನೇರವಾಗಿ ಹೋಗಬೇಕು. ಬೀದರಿನಲ್ಲಿ 2007ರಿಂದ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ ಇದೆ. ಒಮ್ಮೆ ಮುಂಚಿತವಾಗಿ ಹೋಗಿ ಹೆರಿಗೆ ವಿಭಾಗ ಎಲ್ಲಿದೆ, ರಾತ್ರಿ ಯಾವ ಬಾಗಿಲು ತೆರೆದಿರುತ್ತದೆ ಎಂದು ನೋಡಿಕೊಂಡು ಬನ್ನಿ.

ಯಾವ ಗಾಡಿ? 108 ಮೊದಲನೆಯದು. ಅದು ಬರುವುದು ತಡವಾದರೆ ಎಂದು ಊರಿನಲ್ಲಿ ಜೀಪು ಅಥವಾ ಕಾರಿರುವ ಇಬ್ಬರ ಜೊತೆ ಮೊದಲೇ ಮಾತಾಡಿಡಿ. ಅವರ ಮತ್ತು ಆಶಾ ಕಾರ್ಯಕರ್ತೆಯ ನಂಬರು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ಮೊಬೈಲಿನಲ್ಲಿ ಮಾತ್ರ ಇದ್ದರೆ ಆ ಮೊಬೈಲು ಆ ಹೊತ್ತಿಗೆ ಯಾರದೋ ಜೇಬಿನಲ್ಲಿ ಹೊಲದಲ್ಲಿರುತ್ತದೆ.

ಯಾರು ಜೊತೆಗೆ? ಹೆತ್ತು ಅನುಭವವಿರುವ, ಗಾಬರಿಯಾಗದ ಒಬ್ಬ ಹೆಂಗಸು. ಓಡಾಡಲು ಒಬ್ಬ ಗಂಡಸು. ಇಡೀ ಓಣಿ ಬೇಕಿಲ್ಲ. ಹೆರಿಗೆ ಕೋಣೆಯಲ್ಲಿ ಒಬ್ಬಳು ಜೊತೆಗಾತಿಗೆ ಅವಕಾಶ ಉಂಟೇ ಎಂದು ಮೊದಲೇ ಕೇಳಿ. ಕೈ ಹಿಡಿಯಲು ತನ್ನವರು ಒಬ್ಬರಿದ್ದರೆ ಹೆರುವವಳ ಅರ್ಧ ಹೆದರಿಕೆ ಇಳಿಯುತ್ತದೆ.

ಯಾರ ರಕ್ತ? ರಕ್ತ ಕೊಡಲು ಒಪ್ಪಿದ ಇಬ್ಬರು ಆರೋಗ್ಯವಂತರ ಹೆಸರು ಬರೆದಿಡಿ. ರಕ್ತ ಕೊಟ್ಟರೆ ಗಂಡಸು ಸೊರಗುತ್ತಾನೆ ಎಂಬುದು ಸುಳ್ಳು.

ಯಾರ ಮಾತು? ಇದೇ ಎಲ್ಲಕ್ಕಿಂತ ದೊಡ್ಡದು. ಅಳಿಯಂದಿರು ದೂರದಲ್ಲಿದ್ದರೆ ಇಂದೇ ಫೋನು ಮಾಡಿ, "ಅಪಾಯದ ಲಕ್ಷಣ ಕಂಡರೆ ನಿಮ್ಮನ್ನು ಕೇಳಲು ಕಾಯುವುದಿಲ್ಲ, ಹೊರಟ ಮೇಲೆ ತಿಳಿಸುತ್ತೇವೆ" ಎಂದು ಹೇಳಿಬಿಡಿ. ಅತ್ತೆ ಮಾವಂದಿರೂ ಇದಕ್ಕೆ ಒಪ್ಪಲಿ. ಹೊರಡುವ ಅಧಿಕಾರ ಮನೆಯಲ್ಲಿರುವ ಹೆಂಗಸಿಗೂ ಇರಲಿ.

ಗಡಿಯ ಮನೆಗಳಿಗೆ ಇನ್ನೊಂದು ಮಾತು. ನಮ್ಮಲ್ಲಿ ಸೊಸೆಯ ತವರು ಉದಗೀರದಲ್ಲಿ, ಜಹೀರಾಬಾದಿನಲ್ಲಿ, ನಾರಾಯಣಖೇಡದಲ್ಲಿ ಇರುವುದು ಸಾಮಾನ್ಯ. ಹೆರಿಗೆಗೆ ಹೋಗುವಾಗ ಸೀರೆಗಳ ಮೊದಲು ತಾಯಿ ಕಾರ್ಡು, ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ಎಲ್ಲ ಕಾಗದಗಳನ್ನು ಚೀಲಕ್ಕೆ ಹಾಕಿ. ತವರಿಗೆ ಹೋದ ವಾರದಲ್ಲೇ ಅಲ್ಲಿಯ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಹೆಸರು ಬರೆಸಿ. ಮಹಾರಾಷ್ಟ್ರ, ತೆಲಂಗಾಣದಲ್ಲಿಯೂ ಆಂಬುಲೆನ್ಸಿನ ಸಂಖ್ಯೆ 108 ಇದೆ.

ಖರ್ಚಿನ ಚಿಂತೆಯಿಂದ ಯಾರೂ ತಡಮಾಡಬೇಕಿಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಮೊದಲ ಕೂಸಿಗೆ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹರಿಗೆ 5,000 ರೂಪಾಯಿ ಕಂತುಗಳಲ್ಲಿ ಸಿಗುತ್ತದೆ. ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ.

ಬಾಗಿಲ ಬಳಿ ಒಂದು ಚೀಲ

ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಸ್ವಲ್ಪ ನಗದು. ತಾಯಿಗೆ ಮುಂದೆ ಗುಂಡಿಯಿರುವ ಎರಡು ಮೂರು ನೈಟಿ, ಒಳಬಟ್ಟೆ, ಪ್ಯಾಡು, ಚಾದರ, ಸೋಪು. ಕೂಸಿಗೆ ಒಗೆದು ಬಿಸಿಲಿನಲ್ಲಿ ಒಣಗಿಸಿದ ಮೆತ್ತನೆಯ ಹತ್ತಿಬಟ್ಟೆಗಳು, ಕುಲಾಯಿ, ಕಾಲುಚೀಲ. ನೀರಿನ ಬಾಟಲಿ, ಬಿಸ್ಕತ್ತು, ಮೊಬೈಲ್ ಚಾರ್ಜರ್, ಬ್ಯಾಟರಿ. ಇಷ್ಟು ಸಾಕು. ಹಾಲಿನ ಪುಡಿ, ಬಾಟಲಿ ಬೇಡ.

ಕೂಸು ಬಂದ ಮೇಲೆ

ಹುಟ್ಟಿದ ಕೂಡಲೆ ಕೂಸನ್ನು ಒರೆಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಮೇಲೊಂದು ಬಟ್ಟೆ ಹೊದಿಸಬೇಕು. ನಮ್ಮ ಡಿಸೆಂಬರಿನ ಚಳಿಗೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು. ಸಿಸೇರಿಯನ್ ಆಗಿದ್ದರೂ ಆದಷ್ಟು ಬೇಗ ಕೊಡಬಹುದು. ಮೊದಲು ಬರುವ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವ ರೂಢಿ ಈಗಲೂ ಅಲ್ಲಲ್ಲಿ ಇದೆ. ಚಮಚೆಯಷ್ಟೇ ಬಂದರೂ ಅದು ಕೂಸಿನ ಮೊದಲ ಲಸಿಕೆ ಇದ್ದಂತೆ. ಸಕ್ಕರೆ ನೀರು, ಜೇನುತುಪ್ಪ, ಔಡಲ ಎಣ್ಣೆ ಯಾವುದನ್ನೂ ನೆಕ್ಕಿಸಬಾರದು. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ.

ಮೊದಲ 24 ಗಂಟೆ ಸ್ನಾನ ಬೇಡ. ಹೊಕ್ಕಳ ಬಳ್ಳಿಗೆ ಎಣ್ಣೆ, ಅರಿಷಿಣ, ಬೂದಿ ಏನನ್ನೂ ಹಚ್ಚದೆ ಒಣಗಲು ಬಿಡಿ. ಕಣ್ಣಿಗೆ ಕಾಡಿಗೆ ಬೇಡ. ಆಸ್ಪತ್ರೆ ಬಿಡುವ ಮೊದಲು ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಲಸಿಕೆ ಮತ್ತು ವಿಟಮಿನ್-ಕೆ ಸೂಜಿ ಆದವೇ ಎಂದು ಕೇಳಿ ತಿಳಿಯಿರಿ. ಕೂಸು ಹಾಲು ಕುಡಿಯದೆ ಜೋಲು ಬಿದ್ದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಪಕ್ಕೆ ಒಳಕ್ಕೆ ಎಳೆದು ಉಸಿರಾಡಿದರೆ, ಮೊದಲ ದಿನವೇ ಹಳದಿಯಾದರೆ ಅಥವಾ ಹಳದಿ ಬಣ್ಣ ಅಂಗೈ ಅಂಗಾಲಿಗೆ ಇಳಿದರೆ ಕೂಡಲೆ ತೋರಿಸಬೇಕು.

ಬಾಣಂತಿಯ ಕೋಣೆಯ ಕಿಟಕಿ ತೆರೆದಿರಲಿ. ಅಗ್ಗಿಷ್ಟಿಗೆಯ ಕೆಂಡ, ಲೋಬಾನದ ಹೊಗೆ ತುಂಬಿದ ಕತ್ತಲ ಕೋಣೆಯಲ್ಲಿ ತಾಯಿಗೂ ಕೂಸಿಗೂ ಉಸಿರು ಕಟ್ಟುತ್ತದೆ. ನೀರು ಕುಡಿಸಬಾರದು ಎಂಬ ಕಟ್ಟುಪಾಡನ್ನು ಬಿಡಿ. ಹಾಲು ಊರಲು, ಮೂತ್ರದ ಸೋಂಕು ತಡೆಯಲು ಬಾಣಂತಿಗೆ ನೀರು ಬೇಕು. ಅಂಟಿನ ಉಂಡಿ, ಅಳವಿ ಪಾಯಸ ಧಾರಾಳವಾಗಿ ತಿನ್ನಲಿ, ಅದರ ಜೊತೆ ಪಲ್ಯ, ಬೇಳೆಯೂ ಇರಲಿ. ಕಬ್ಬಿಣದ ಮಾತ್ರೆ ಆರು ತಿಂಗಳು ಮುಂದುವರಿಯಲಿ. ಗಂಟೆಗೊಂದು ಪ್ಯಾಡು ತೊಯ್ಯುವಷ್ಟು ರಕ್ತ, ಜ್ವರ, ನಾರುವ ಸ್ರಾವ, ಒಂದೇ ಕಾಲು ಊದಿ ನೋಯುವುದು, ತಲೆಶೂಲೆ, ಇವು ಕಂಡರೆ ಮತ್ತೆ ಅದೇ ಗಾಡಿ, ಅದೇ ಆಸ್ಪತ್ರೆ. ರಕ್ತದೊತ್ತಡದ ಫಿಟ್ಸ್ ಹೆರಿಗೆಯಾದ ಮೇಲೂ ಬರಬಹುದು. ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಕೂಸು ಬೇಡವೆನಿಸಿದರೆ ಅದೂ ಒಂದು ಕಾಯಿಲೆ, ಅದಕ್ಕೂ ಚಿಕಿತ್ಸೆ ಇದೆ. ಗಾಳಿ ಸೋಕಿತೆಂದು ಕೂರಬೇಡಿ.

ಆರಂಭದಲ್ಲಿ ಹೇಳಿದ ಆ ಹುಡುಗಿ ಎರಡು ವರ್ಷದ ಮೇಲೆ ಮತ್ತೆ ಬಸುರಾದಳು. ಈ ಸಲ ಅವಳ ಅಪ್ಪ ಏಳನೆಯ ತಿಂಗಳಿನಲ್ಲೇ ನನ್ನ ಬಳಿ ಬಂದು ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದರು. ಅದರಲ್ಲಿ ಇಬ್ಬರು ಜೀಪಿನವರ ನಂಬರು, ರಕ್ತ ಕೊಡುವ ಇಬ್ಬರ ಹೆಸರು ಇದ್ದವು. ಪ್ರತಿ ವಾರ ರಕ್ತದೊತ್ತಡ ನೋಡಿಸಿದರು. ಒತ್ತಡ ಏರತೊಡಗಿದ ದಿನವೇ ಯಾರನ್ನೂ ಕಾಯದೆ ಅವಳ ತಾಯಿ ಆಸ್ಪತ್ರೆಗೆ ಸೇರಿಸಿದರು. ಅಳಿಯನಿಗೆ ಫೋನು ಹೋದದ್ದು ಆಮೇಲೆ. ತಾಯಿ ಮಗಳು ಇಬ್ಬರೂ ಸುಖವಾಗಿದ್ದಾರೆ. ತೊಟ್ಟಿಲನ್ನು ಮಾತ್ರ ಅವರು ಈ ಸಲ ಕೂಸು ಮನೆಗೆ ಬಂದ ಮೇಲೆಯೇ ಅಟ್ಟದಿಂದ ಇಳಿಸಿದರಂತೆ.